ಹೀಟಿಂಗ್, ಚಿಲ್ಲರ್ ಲೈನಿಗೆ ಆ್ಯಂಟಿಫ್ರೀಜ್: ಎಷ್ಟು ಹಾಕಬೇಕು, ಹೇಗೆ ನೋಡಿಕೊಳ್ಳಬೇಕು

ಬಾಯ್ಲರ್, ಚಿಲ್ಲರ್ (ನೀರು ತಣ್ಣಗೆ ಮಾಡುವ ಯಂತ್ರ), ಹೀಟ್ ಪಂಪ್, ಇವುಗಳ ನೀರು ಸುತ್ತುವ ಪೈಪ್ ಲೈನ್ ನೋಡಿಕೊಳ್ಳುವುದು ನನ್ನ ಕೆಲಸ. ಆ ನೀರು ಚಳಿಗೆ ಹೆಪ್ಪುಗಟ್ಟದಂತೆ ಬೆರೆಸುವ ದ್ರವವೇ ಆ್ಯಂಟಿಫ್ರೀಜ್. ಚಳಿ ಶುರುವಾಗುವ ಮುಂಚೆ ಜನ ನನ್ನನ್ನು ಕೇಳುವುದು ಒಂದೇ ಮಾತು: "ಲೈನಿಗೆ ಆ್ಯಂಟಿಫ್ರೀಜ್ ಹಾಕಿದ್ದೇವೆ, ಇನ್ನೇನೂ ತೊಂದರೆ ಇಲ್ಲ ಅಲ್ವಾ?" ಯಾವಾಗ ಹಾಕಿದ್ದು, ಈಗ ಲೈನಿನಲ್ಲಿ ಅದು ಎಷ್ಟಿದೆ ಅಂತ ನಾನು ತಿರುಗಿ ಕೇಳಿದರೆ ಉತ್ತರ ಸಿಗುವುದು ಅಪರೂಪ. ಹಾಕಿದ ದಿನ ಸರಿಯಾಗಿದ್ದ ದ್ರವ ವರ್ಷಗಳಾದ ಮೇಲೂ ಹಾಗೇ ಇರುತ್ತದೆ ಅಂತ ನಂಬಿಕೊಂಡು ಕೂತ ಕಡೆಯೇ ನಾನು ಒಡೆದ ಕಾಯಿಲ್‌ಗಳನ್ನು (ಶಾಖ ಕೊಡಲು, ತೆಗೆಯಲು ಮಡಚಿ ಮಡಚಿ ಕೂರಿಸಿದ ಪೈಪ್) ಜಾಸ್ತಿ ನೋಡಿದ್ದು. ಅದಕ್ಕೇ ಇಲ್ಲಿ ತುಂಬುವ ಬಗ್ಗೆ ಎಷ್ಟು ಹೇಳುತ್ತೇನೋ, ಅಳೆಯುವ ಬಗ್ಗೆಯೂ ಅಷ್ಟೇ ಹೇಳುತ್ತೇನೆ.

ಬೇಕೋ ಬೇಡವೋ ಮೊದಲು ನೋಡಿ

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪೈಪಿನಲ್ಲಿ ಒಂದು ಕಡೆ ಗಡ್ಡೆ ಕಟ್ಟಿಕೊಂಡಿತು ಅನ್ನಿ. ಅದು ಬೆಳೆಯುತ್ತಾ ಹೋದ ಹಾಗೆ, ಮುಂದಿನ ಮುಚ್ಚಿದ ಭಾಗದಲ್ಲಿ ಉಳಿದ ನೀರನ್ನು ಒತ್ತುತ್ತದೆ. ನೀರನ್ನು ಕುಗ್ಗಿಸಲು ಆಗುವುದಿಲ್ಲ, ಹಾಗಾಗಿ ಒತ್ತಡ ಏರುತ್ತಾ ಹೋಗಿ ದುರ್ಬಲ ಜಾಗ ಬಿಟ್ಟುಕೊಡುತ್ತದೆ. ಕಾಯಿಲ್ ಒಡೆದಿದ್ದನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ: ಯು ಆಕಾರದ ಬೆಂಡ್ ಮೊದಲು ಊದಿಕೊಂಡಿರುತ್ತದೆ, ತಾಮ್ರ ತೆಳ್ಳಗಾಗಿರುತ್ತದೆ, ಆಮೇಲೆ ಪೈಪಿನ ಉದ್ದಕ್ಕೆ ಸೀಳು ಬಿಟ್ಟು ಅಂಚು ಹೊರಗೆ ಮಡಚಿಕೊಂಡಿರುತ್ತದೆ. ಒಡೆದ ಹೊತ್ತಿನಲ್ಲಿ ಒಂದು ಹನಿಯೂ ಸೋರುವುದಿಲ್ಲ, ಗಡ್ಡೆಯೇ ಬಿರಡೆಯಾಗಿ ನಿಂತಿರುತ್ತದೆ. ಬಿಸಿಲು ಬಂದು ಕರಗಿದ ಮೇಲೆ ನೀರು ಸುರಿಯಲು ಶುರು.

ಹೊರಗೆ ನಿಂತಿರುವ ಹೀಟ್ ಪಂಪಿಗೆ ನೀರಿನ ಪೈಪೇ ಹೊರಗೆ ಹೋಗುತ್ತಿದ್ದರೆ, ಚಿಲ್ಲರ್ ಮಹಡಿ ಮೇಲಿದ್ದರೆ, ಹೊರಗಿನ ತಣ್ಣನೆ ಗಾಳಿಯನ್ನು ನೇರವಾಗಿ ಎಳೆದುಕೊಳ್ಳುವ ಏರ್ ಹ್ಯಾಂಡ್ಲರ್ ಕಾಯಿಲ್ ಇದ್ದರೆ, ಸೋಲಾರ್ ಕಲೆಕ್ಟರ್ ಇದ್ದರೆ, ಚಳಿಗಾಲದಲ್ಲಿ ಖಾಲಿ ಬಿಡುವ ಮನೆಯಾದರೆ ಆ್ಯಂಟಿಫ್ರೀಜ್ ಬೇಕು. ಚಿಲ್ಲರ್‌ನಿಂದ ಹೊರಡುವ ನೀರನ್ನು 4 ಡಿಗ್ರಿಗಿಂತ ಕೆಳಗೆ ಇಳಿಸುವ ಕೆಲಸವಿದ್ದರೂ ಬೇಕು, ಯಾಕೆಂದರೆ ಹೊರಗೆ ಸೆಖೆ ಇದ್ದರೂ ಚಿಲ್ಲರ್‌ನ ಇವಾಪೊರೇಟರ್ (ನೀರು ತಣ್ಣಗಾಗುವ ಭಾಗ) ಒಳಗಿನ ಗೋಡೆ ಸೊನ್ನೆಗಿಂತ ತಣ್ಣಗಾಗಬಹುದು. ಪೂರ್ತಿ ಲೈನ್ ಬೆಚ್ಚಗಿನ ಕಟ್ಟಡದ ಒಳಗೇ ಓಡುತ್ತಿದ್ದು, ಕರೆಂಟ್ ಹೋದರೂ ಒಳಗೆ ಹೆಪ್ಪುಗಟ್ಟುವಷ್ಟು ಚಳಿ ಬರುವುದಿಲ್ಲ ಅಂದರೆ ಸುಮ್ನೆ ಹಾಕಬೇಡಿ.

ಯಾಕೆ ಬೇಡ ಅಂದರೆ, ಆ್ಯಂಟಿಫ್ರೀಜ್ ಹಾಕಿದ ಲೈನ್ ನೀರಿನಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಅರ್ಧಕ್ಕರ್ಧ ಪ್ರೊಪಿಲೀನ್ ಗ್ಲೈಕಾಲ್ (ಆ್ಯಂಟಿಫ್ರೀಜಿನ ಒಂದು ಬಗೆ) ಬೆರೆಸಿದ ದ್ರವ, ನೀರಿಗಿಂತ ಕಡಿಮೆ ಶಾಖ ಹೊರುತ್ತದೆ. ಅಷ್ಟೇ ಶಾಖ ಸಾಗಿಸಬೇಕಾದರೆ ಹರಿವು ಶೇ. 10ರಿಂದ 15ರಷ್ಟು ಜಾಸ್ತಿ ಬೇಕು. 20 ಡಿಗ್ರಿಯಲ್ಲಿ ಅದು ನೀರಿಗಿಂತ ಐದಾರು ಪಟ್ಟು ಮಂದ, ತಣ್ಣಗಾದಷ್ಟೂ ಇನ್ನೂ ಮಂದ. ಪಂಪಿನ ಮೇಲೆ ಭಾರ ಬೀಳುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ. ನೀರಿಗೆ ಲೆಕ್ಕ ಹಾಕಿ ಕೂರಿಸಿದ ಸಣ್ಣ ಪಂಪ್ ಇದ್ದರೆ, ಕೊನೆಯ ಕೋಣೆಯ ರೇಡಿಯೇಟರ್ ಬಿಸಿಯೇ ಆಗುವುದಿಲ್ಲ ಅನ್ನುವ ದೂರು ಬರುವುದು ಇದರಿಂದಲೇ.

ಲೈನ್ ದೊಡ್ಡದಿದ್ದು ಹೊರಗಿನ ಭಾಗ ಚಿಕ್ಕದಿದ್ದರೆ, ನಾನು ಕೊಡುವ ಸಲಹೆ ನಡುವೆ, ಎರಡು ಕಡೆಯ ದ್ರವ ಬೆರೆಯದಂತೆ ಶಾಖ ಮಾತ್ರ ದಾಟಿಸುವ ಒಂದು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಹಾಕಿ ಅಂತ. ಹೊರಗಿನ ತುಂಡಿಗೆ ಮಾತ್ರ ಗ್ಲೈಕಾಲ್, ಒಳಗೆಲ್ಲ ಮಾಮೂಲು ನೀರು. ಒಂದೆರಡು ಡಿಗ್ರಿ ಕಳೆದುಕೊಳ್ಳುತ್ತೀರಿ, ಆದರೆ ನೋಡಿಕೊಳ್ಳಬೇಕಾದ ದ್ರವ ನೂರಾರು ಲೀಟರ್‌ನಿಂದ ಹತ್ತಾರು ಲೀಟರ್‌ಗೆ ಇಳಿಯುತ್ತದೆ. ವರ್ಷ ವರ್ಷ ಲೆಕ್ಕ ಹಾಕಿದರೆ ಲಾಭವೇ.

ಯಾವುದನ್ನು ಹಾಕುವುದು

ಹೀಟಿಂಗ್, ಕೂಲಿಂಗ್ ಲೈನುಗಳಲ್ಲಿ ಸಾಮಾನ್ಯವಾಗಿ ಬಳಸುವುದು ಎರಡು: ಎಥಿಲೀನ್ ಗ್ಲೈಕಾಲ್ ಮತ್ತು ಪ್ರೊಪಿಲೀನ್ ಗ್ಲೈಕಾಲ್. ಎಥಿಲೀನ್ ಅಗ್ಗ, ತೆಳು, ಶಾಖ ಚೆನ್ನಾಗಿ ಸಾಗಿಸುತ್ತದೆ. ಆದರೆ ವಿಷ. ಸುಮಾರು 100 ಮಿಲಿ ಲೀಟರ್ ಹೊಟ್ಟೆಗೆ ಹೋದರೆ ದೊಡ್ಡವರ ಪ್ರಾಣವೂ ಹೋಗಬಹುದು. ರುಚಿ ಸಿಹಿ, ಹಾಗಾಗಿ ನೆಲಕ್ಕೆ ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕುತ್ತವೆ. ಬೆಕ್ಕಿಗಂತೂ ಸ್ವಲ್ಪವೇ ಸಾಕು. ಕುಡಿದವರು ಮೊದಲು ಅಮಲೇರಿದವರ ಹಾಗೆ ಕಾಣುತ್ತಾರೆ, ನಂತರ ಮೂತ್ರಪಿಂಡ ಕೈಕೊಡುತ್ತದೆ. ಇದಕ್ಕೆ ಮದ್ದು ಇದೆ, ಬೇಗ ಕೊಟ್ಟರೆ ಕೆಲಸ ಮಾಡುತ್ತದೆ. ಹೊಟ್ಟೆಗೆ ಹೋಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಲಿ ಅಂತ ಕಾಯದೆ ಆಸ್ಪತ್ರೆಗೆ ಓಡಿ, ಕ್ಯಾನಿನ ಲೇಬಲ್ ಜೊತೆಗೇ ತೆಗೆದುಕೊಂಡು ಹೋಗಿ.

ಪ್ರೊಪಿಲೀನ್ ಗ್ಲೈಕಾಲ್ ತುಂಬಾ ಕಡಿಮೆ ಅಪಾಯದ್ದು. ಮನೆಗಳಿಗೆ, ಆಸ್ಪತ್ರೆಗಳಿಗೆ, ಆಹಾರ ತಯಾರಿಸುವ ಜಾಗಗಳಿಗೆ, ಸ್ನಾನದ ನೀರು ಬಿಸಿ ಮಾಡುವ ಟ್ಯಾಂಕಿನ ಒಳಗೆ ಹಾದುಹೋಗುವ ಲೈನಿಗೆ ನಾನು ಇದನ್ನೇ ಹಾಕುತ್ತೇನೆ, ಬೇರೆ ಯೋಚನೆಯೇ ಇಲ್ಲ. ಟ್ಯಾಂಕಿನ ಕಾಯಿಲ್‌ನಲ್ಲಿ ಸೂಜಿಮೊನೆಯಷ್ಟು ತೂತಾದರೂ ದ್ರವ ನಲ್ಲಿ ನೀರಿಗೆ ಸೇರುತ್ತದೆ. ಎಥಿಲೀನ್ ಅನ್ನು ನಾನು ಒಪ್ಪುವುದು ಕುಡಿಯುವ ನೀರಿನ ಹತ್ತಿರವೂ ಸುಳಿಯದ, ಬೀಗ ಹಾಕಿದ ಯಂತ್ರದ ಕೋಣೆಯ ದೊಡ್ಡ ಚಿಲ್ಲರ್ ಲೈನುಗಳಲ್ಲಿ ಮಾತ್ರ.

ಕಾರಿನ ಕೂಲೆಂಟ್ ಹಾಕಬಹುದಾ ಅಂತ ಕೇಳುವವರು ತುಂಬಾ ಜನ. ಬೇಡ. ಅದರಲ್ಲಿ ಎಂಜಿನ್ನಿಗೆ ಬೇಕಾದ ಸೇರ್ಪಡೆಗಳಿರುತ್ತವೆ. ಸಿಲಿಕೇಟ್ ಇರುವ ಕೂಲೆಂಟ್ ವರ್ಷಗಟ್ಟಲೆ ಹೀಟಿಂಗ್ ಲೈನಿನಲ್ಲಿ ಓಡಿದರೆ ಜೆಲ್ ಕಟ್ಟುತ್ತದೆ, ಹೀಟ್ ಎಕ್ಸ್‌ಚೇಂಜರ್‌ನ ಕಿರಿದಾದ ದಾರಿಗಳಲ್ಲಿ ಪದರವಾಗಿ ಕೂರುತ್ತದೆ, ಪಂಪಿನ ಸೀಲ್ ಸವೆಸುತ್ತದೆ. ಹಾಗೆಯೇ ಏನೂ ಬೆರೆಸದ ಬರೀ ಗ್ಲೈಕಾಲ್ ಕೂಡ ಬೇಡ. ಕಬ್ಬಿಣಕ್ಕೆ ಬರೀ ನೀರು ಮಾಡುವುದಕ್ಕಿಂತ ಜಾಸ್ತಿ ಹಾನಿಯನ್ನು ಇನ್ಹಿಬಿಟರ್ (ತುಕ್ಕು ತಡೆಯುವ ಸೇರ್ಪಡೆ) ಇಲ್ಲದ ಗ್ಲೈಕಾಲ್ ಮಾಡುತ್ತದೆ. ಕ್ಯಾನಿನ ಮೇಲೆ ಹೀಟಿಂಗ್ ಅಥವಾ ಕೂಲಿಂಗ್ ಲೈನಿಗೆ ಅಂತ ಬರೆದಿರಬೇಕು, ತುಕ್ಕು ತಡೆಯುವ ಇನ್ಹಿಬಿಟರ್ ಸೇರಿದೆ ಅಂತಲೂ ಇರಬೇಕು.

ಬಾಯ್ಲರ್ ಒಳಗಿನ ಹೀಟ್ ಎಕ್ಸ್‌ಚೇಂಜರ್ ಅಲ್ಯೂಮಿನಿಯಂನದಾಗಿದ್ದರೆ ಇನ್ನೊಂದು ಮಾತು. ಪಿಎಚ್ (ಆಮ್ಲ, ಕ್ಷಾರದ ಅಳತೆ) ಜಾಸ್ತಿ ಇರುವ, ಅಂದರೆ ಕ್ಷಾರ ಜಾಸ್ತಿ ಇರುವ ದ್ರವ ಅಲ್ಯೂಮಿನಿಯಂಗೆ ಆಗುವುದಿಲ್ಲ, ಉಕ್ಕಿಗೆ ಒಳ್ಳೆಯದಾದದ್ದು ಅದನ್ನು ತಿನ್ನುತ್ತದೆ. ಬಾಯ್ಲರ್ ತಯಾರಕರು ಒಪ್ಪಿದ ದ್ರವಗಳ ಪಟ್ಟಿ ನೋಡಿಯೇ ತನ್ನಿ.

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಹಸಿರು, ಗುಲಾಬಿ, ನೀಲಿ, ಇವೆಲ್ಲ ತಯಾರಕರು ಹಾಕಿದ ಬಣ್ಣ ಅಷ್ಟೇ. ಒಂದೇ ಬಣ್ಣದ ಎರಡು ಕ್ಯಾನಿನಲ್ಲಿ ಬೇರೆ ಬೇರೆ ಇನ್ಹಿಬಿಟರ್ ಇರಬಹುದು, ಎರಡನ್ನೂ ಬೆರೆಸಿದರೆ ಒಂದಕ್ಕೊಂದು ಸೇರದೆ ಗಸಿ ಕಟ್ಟಬಹುದು.

ಎಷ್ಟು ಹಾಕಬೇಕು

ಇಲ್ಲಿ ಎರಡು ಗುರಿಗಳಿವೆ, ಯಾವುದು ನಿಮ್ಮದು ಅಂತ ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ, ಪಂಪೂ ಉಳಿಯುತ್ತದೆ. ಚಳಿಯಲ್ಲಿ ಲೈನ್ ಓಡುತ್ತಲೇ ಇರಬೇಕಾದರೆ, ದ್ರವದಲ್ಲಿ ಒಂದು ಹರಳು ಕೂಡ ಕಟ್ಟಬಾರದು. ಲೈನ್ ನಿಂತೇ ಇರುತ್ತದೆ, ಪೈಪ್ ಒಡೆಯದಿದ್ದರೆ ಸಾಕು ಅನ್ನುವುದಾದರೆ ಕಡಿಮೆ ಪ್ರಮಾಣವೇ ನಡೆಯುತ್ತದೆ. ಗ್ಲೈಕಾಲ್ ಮಿಶ್ರಣ ನೀರಿನ ಹಾಗೆ ಒಮ್ಮೆಲೇ ಗಟ್ಟಿಯಾಗುವುದಿಲ್ಲ. ಮೊದಲು ಹರಳುಗಳು ಕಾಣಿಸಿಕೊಂಡು ಮೆತ್ತಗಿನ ಮುದ್ದೆಯಾಗುತ್ತದೆ. ಆ ಮುದ್ದೆ ಪಂಪಿನಲ್ಲಿ ಹರಿಯುವುದಿಲ್ಲ, ಆದರೆ ಹಿಗ್ಗಲು ಜಾಗವಿದ್ದರೆ ಆ ಕಡೆ ಜರುಗುತ್ತದೆ, ಪೈಪ್ ಸೀಳುವುದಿಲ್ಲ.

ಲೆಕ್ಕ ಹೀಗಿದೆ. ಪ್ರೊಪಿಲೀನ್ ಗ್ಲೈಕಾಲ್ ಗಾತ್ರದಲ್ಲಿ ಶೇ. 30 ಇದ್ದರೆ ಹರಳು ಕಟ್ಟಲು ಶುರುವಾಗುವುದು ಮೈನಸ್ 13ರ ಆಸುಪಾಸು. ಶೇ. 40 ಇದ್ದರೆ ಮೈನಸ್ 21, ಶೇ. 50 ಇದ್ದರೆ ಮೈನಸ್ 33. ಎಥಿಲೀನ್ ಆದರೆ ಅದೇ ಪ್ರಮಾಣಗಳಿಗೆ ಮೈನಸ್ 15, 24, 37 ಅಂತ ಇಟ್ಟುಕೊಳ್ಳಿ. ಒಡೆಯದಂತೆ ಕಾಯುವುದಷ್ಟೇ ಗುರಿಯಾದರೆ ವ್ಯತ್ಯಾಸ ದೊಡ್ಡದು: ಮೈನಸ್ 29ಕ್ಕೆ ದ್ರವ ಹರಿಯುತ್ತಲೇ ಇರಬೇಕಾದರೆ ಪ್ರೊಪಿಲೀನ್ ಸುಮಾರು ಶೇ. 46 ಬೇಕು, ಪೈಪ್ ಉಳಿದರೆ ಸಾಕು ಅಂದರೆ ಸುಮಾರು ಶೇ. 30 ಸಾಕು. ನಿಮ್ಮ ಕ್ಯಾನಿನ ಜೊತೆ ಬರುವ ಹಾಳೆಯಲ್ಲಿ ಅದೇ ದ್ರವದ ಪಟ್ಟಿ ಇರುತ್ತದೆ, ಕೊನೆಗೆ ಅದನ್ನೇ ನಂಬಿ. ನಿಮ್ಮ ಜಾಗದಲ್ಲಿ ಬಂದಿರುವ ಅತಿ ಕಡಿಮೆ ತಾಪಮಾನಕ್ಕಿಂತ ನಾಲ್ಕೈದು ಡಿಗ್ರಿ ಕೆಳಗೆ ಲೆಕ್ಕ ಹಿಡಿಯಿರಿ.

ಜಾಸ್ತಿ ಹಾಕಿದರೆ ಇನ್ನೂ ಕ್ಷೇಮ ಅಂದುಕೊಳ್ಳಬೇಡಿ. ನೀರೇ ಬೆರೆಸದ ಎಥಿಲೀನ್ ಗ್ಲೈಕಾಲ್ ಸುಮಾರು ಮೈನಸ್ 13ಕ್ಕೇ ಹೆಪ್ಪುಗಟ್ಟುತ್ತದೆ, ಅರ್ಧ ನೀರು ಸೇರಿದ್ದು ಮೈನಸ್ 37ರವರೆಗೂ ತಡೆಯುತ್ತದೆ. ಶೇ. 60 ದಾಟಿದ ಮೇಲೆ ಪ್ರತಿ ಲೀಟರೂ ನಿಮ್ಮ ವಿರುದ್ಧವೇ ಕೆಲಸ ಮಾಡುತ್ತದೆ.

ಕಡಿಮೆ ಹಾಕುವುದು ಅದಕ್ಕಿಂತ ಕೆಟ್ಟದ್ದು. ನಮ್ಮ ಕಡೆ ಚಳಿ ಅಷ್ಟೇನಿಲ್ಲ, ಶೇ. 10 ಸಾಕು ಅನ್ನುವವರಿದ್ದಾರೆ. ಜೇನುತುಪ್ಪ ವರ್ಷಗಟ್ಟಲೆ ಕೆಡುವುದಿಲ್ಲ, ಅದಕ್ಕೇ ಒಂದಿಷ್ಟು ನೀರು ಬೆರೆಸಿಟ್ಟರೆ ಹುಳಿ ಬರುತ್ತದೆ, ಅಲ್ವಾ? ಗ್ಲೈಕಾಲ್ ಕೂಡ ಹಾಗೇ. ಶೇ. 20ಕ್ಕಿಂತ ಕೆಳಗೆ ಅದು ಬ್ಯಾಕ್ಟೀರಿಯಾಗಳಿಗೆ ಊಟ. ಅವು ಬೆಳೆದು ಲೋಳೆ ಕಟ್ಟುತ್ತವೆ, ಆಮ್ಲ ಬಿಡುತ್ತವೆ, ಸ್ಟ್ರೈನರ್ (ಲೈನಿನ ಕಸ ಹಿಡಿಯುವ ಜಾಲರಿ) ಬಿಚ್ಚಿದರೆ ಕೊಳೆತ ವಾಸನೆ ಹೊಡೆಯುತ್ತದೆ. ಜೊತೆಗೆ ಇನ್ಹಿಬಿಟರ್ ಕೂಡ ತೆಳ್ಳಗಾಗಿ ತುಕ್ಕಿಗೆ ದಾರಿಯಾಗುತ್ತದೆ. ಚಳಿ ಎಷ್ಟೇ ಕಡಿಮೆ ಇರಲಿ, ಶೇ. 25ಕ್ಕಿಂತ ಕೆಳಗೆ ನಾನು ಯಾವ ಲೈನನ್ನೂ ಬಿಡುವುದಿಲ್ಲ. ಅಷ್ಟು ಬೇಡ ಅನ್ನಿಸಿದರೆ ಗ್ಲೈಕಾಲ್ ಹಾಕದೆ ಬರೀ ನೀರು, ಬರೀ ಇನ್ಹಿಬಿಟರ್ ಹಾಕುವುದು ಲೇಸು.

ಲೈನಿನಲ್ಲಿ ಎಷ್ಟು ಲೀಟರ್ ಇದೆ

ಇದು ಗೊತ್ತಿಲ್ಲದೆ ಕ್ಯಾನ್ ತರಲು ಹೋಗಬೇಡಿ. ಪೈಪಿನ ಒಳ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 0.785ರಿಂದ ಗುಣಿಸಿ, 1000ದಿಂದ ಭಾಗಿಸಿದರೆ ಒಂದು ಮೀಟರ್ ಪೈಪಿನಲ್ಲಿ ಎಷ್ಟು ಲೀಟರ್ ಅಂತ ಸಿಗುತ್ತದೆ. 25 ಮಿ.ಮೀ. ಪೈಪಿಗೆ ಅದು 0.49 ಲೀಟರ್, ಅಂದರೆ 100 ಮೀಟರಿಗೆ 49 ಲೀಟರ್. ಬಾಯ್ಲರ್, ಕಾಯಿಲ್, ಬಫರ್ ಟ್ಯಾಂಕ್ ಎಷ್ಟು ಹಿಡಿಯುತ್ತವೆ ಅನ್ನುವುದು ಅವುಗಳ ಮೇಲಿನ ಪ್ಲೇಟಿನಲ್ಲೋ ಕೈಪಿಡಿಯಲ್ಲೋ ಇರುತ್ತದೆ.

ಹಳೆಯ ಕಟ್ಟಡದಲ್ಲಿ ಪೈಪ್ ಗೋಡೆಯೊಳಗೆ ಎಲ್ಲಿ ಹೋಗಿದೆ ಅಂತಲೇ ಗೊತ್ತಿರುವುದಿಲ್ಲ. ಅಲ್ಲಿ ನಾನು ಮಾಡುವುದು ಹೀಗೆ: ನೀರು ತುಂಬಿರುವ ಲೈನಿನಿಂದ 40 ಲೀಟರ್ ನೀರು ಇಳಿಸಿ, ಅಳೆದು 40 ಲೀಟರ್ ಗ್ಲೈಕಾಲ್ ಹಾಕುತ್ತೇನೆ. ಎಲ್ಲ ವಾಲ್ವ್ ತೆರೆದು ಒಂದು ದಿನ ಓಡಿಸಿ ಪ್ರಮಾಣ ಅಳೆಯುತ್ತೇನೆ. ಶೇ. 20 ಬಂತು ಅಂದರೆ ಲೈನ್ ಹಿಡಿಯುವುದು 200 ಲೀಟರ್. ಆಮೇಲೆ ಉಳಿದದ್ದನ್ನು ಲೆಕ್ಕದ ಪ್ರಕಾರ ಸೇರಿಸುತ್ತೇನೆ.

ನೀರು ಮತ್ತು ತುಂಬುವ ಕೆಲಸ

ಮಿಶ್ರಣದಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ನೀರು. ಅದು ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೋಗಿ ಇನ್ಹಿಬಿಟರ್‌ನ ಫಾಸ್ಫೇಟ್ ಜೊತೆ ಸೇರಿ ಬಿಳಿ ಪುಡಿಯಾಗಿ ಕೆಳಗೆ ಕೂರುತ್ತದೆ. ಅಂದರೆ ತುಕ್ಕು ತಡೆಯಬೇಕಾದದ್ದು ಕೆಲಸ ಶುರು ಮಾಡುವ ಮೊದಲೇ ಮುಗಿದುಹೋಯಿತು. ಕ್ಲೋರೈಡ್ ಜಾಸ್ತಿ ಇದ್ದರೆ ಸ್ಟೇನ್‌ಲೆಸ್ ಸ್ಟೀಲ್‌ನಲ್ಲೂ ಗುಳಿ ಬೀಳುತ್ತದೆ. ಗ್ಲೈಕಾಲ್ ತಯಾರಕರು ಸಾಮಾನ್ಯವಾಗಿ ಕ್ಲೋರೈಡ್, ಸಲ್ಫೇಟ್ ತಲಾ 25 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ಒಳಗೆ, ಒಟ್ಟು ಗಡಸುತನ 100 ಪಿಪಿಎಂ ಒಳಗೆ ಇರಬೇಕು ಅನ್ನುತ್ತಾರೆ. ಬೋರ್‌ವೆಲ್ ನೀರು ಈ ಪರೀಕ್ಷೆಯಲ್ಲಿ ಪಾಸಾಗುವುದು ಕಡಿಮೆ. ಡಿಸ್ಟಿಲ್ಡ್ ಅಥವಾ ಆರ್‌ಓ ನೀರು ತನ್ನಿ. ಅದು ಕಷ್ಟವಾದರೆ ಮೊದಲೇ ಬೆರೆಸಿದ ದ್ರವ ಸಿಗುತ್ತದೆ, ಸಣ್ಣ ಲೈನುಗಳಿಗೆ ನಾನು ಅದನ್ನೇ ಇಷ್ಟಪಡುತ್ತೇನೆ.

ತುಂಬುವ ಮೊದಲು ಲೈನನ್ನು ಬರೀ ನೀರಿನಲ್ಲಿ ಒತ್ತಡ ಪರೀಕ್ಷೆ ಮಾಡಿ. ಗ್ಲೈಕಾಲ್ ಮಿಶ್ರಣ ನೀರಿಗಿಂತ ಸಲೀಸಾಗಿ ಸಂದುಗಳಲ್ಲಿ ನುಸುಳುತ್ತದೆ. ನೀರಿಗೆ ಸೋರದ ಥ್ರೆಡ್ ಜಾಯಿಂಟ್ ಇದಕ್ಕೆ ಸೋರುತ್ತದೆ. ದುಬಾರಿ ದ್ರವ ನೆಲ ಸೇರುವ ಬದಲು ನೀರು ಸೇರಲಿ. ಹೊಸ ಲೈನಿನಲ್ಲಿ ಬೆಸುಗೆಯ ಫ್ಲಕ್ಸ್, ಎಣ್ಣೆ, ಲೋಹದ ಪುಡಿ ಇರುತ್ತದೆ. ಶೇ. 1ರಿಂದ 2ರಷ್ಟು ಟ್ರೈಸೋಡಿಯಂ ಫಾಸ್ಫೇಟ್ ಬೆರೆಸಿದ ನೀರು ಓಡಿಸಿ, ಚೆಲ್ಲಿ, ತಿಳಿನೀರು ಬರುವವರೆಗೂ ತೊಳೆಯಿರಿ. ಅಲ್ಯೂಮಿನಿಯಂ ಇರುವ ಲೈನಿಗೆ ಮಾತ್ರ ಇದು ಬೇಡ, ಅದಕ್ಕೆ ಹೊಂದುವ ಕ್ಲೀನರ್ ಬೇರೆ. ಹಳೆಯ ಲೈನ್ ಆದರೆ ಕಪ್ಪು ಕೆಸರು ಹೊರಬರುವುದು ನಿಲ್ಲಬೇಕು. ತುಕ್ಕಿನ ಮೇಲೆ ಹೊಸ ಗ್ಲೈಕಾಲ್ ಸುರಿದರೆ ಇನ್ಹಿಬಿಟರ್ ಆ ತುಕ್ಕಿಗೇ ಖರ್ಚಾಗುತ್ತದೆ.

ಸತು ಲೇಪಿಸಿದ ಜಿಐ ಪೈಪ್ ಲೈನಿನಲ್ಲಿ ಎಲ್ಲಾದರೂ ಇದೆಯಾ ನೋಡಿ. ಇದ್ದರೆ ಆ ತುಂಡು ಬದಲಾಯಿಸಿ. ಗ್ಲೈಕಾಲ್‌ನ ಇನ್ಹಿಬಿಟರ್‌ಗೂ ಸತುವಿಗೂ ಆಗಿಬರುವುದಿಲ್ಲ, ಲೇಪ ಕಿತ್ತುಬಂದು ಸ್ಟ್ರೈನರ್ ತುಂಬುತ್ತದೆ. ಹೀಟ್ ಪಂಪ್ ಲೈನಿನಲ್ಲಿ ಚಳಿಗೆ ತಾನೇ ತೆರೆದುಕೊಂಡು ನೀರು ಹೊರಚೆಲ್ಲುವ ಆ್ಯಂಟಿಫ್ರೀಜ್ ವಾಲ್ವ್ ಕೂರಿಸಿರುತ್ತಾರೆ. ಅದು ಬರೀ ನೀರಿನ ಲೈನಿಗೆ ಮಾಡಿದ್ದು. ದ್ರವ 3 ಡಿಗ್ರಿಗೆ ಇಳಿದರೆ ತೆರೆದುಕೊಳ್ಳುತ್ತದೆ, ಗ್ಲೈಕಾಲ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ತೆಗೆಯದೆ ಬಿಟ್ಟರೆ ಮೊದಲ ಚಳಿಯ ರಾತ್ರಿಯೇ ಎಲ್ಲ ಅಂಗಳಕ್ಕೆ.

ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ ಗಾತ್ರವನ್ನೂ ಮತ್ತೆ ಲೆಕ್ಕ ಹಾಕಿ. ಬಿಸಿಯಾದಾಗ ಗ್ಲೈಕಾಲ್ ಮಿಶ್ರಣ ನೀರಿಗಿಂತ ಜಾಸ್ತಿ ಹಿಗ್ಗುತ್ತದೆ. ನೀರಿಗೆ ಸರಿಹೊಂದಿದ ಟ್ಯಾಂಕ್ ಇದಕ್ಕೆ ಸಾಲದೆ ಸೇಫ್ಟಿ ವಾಲ್ವ್ ಹನಿ ಹನಿ ತೊಟ್ಟಿಕ್ಕುತ್ತದೆ.

ಗ್ಲೈಕಾಲ್ ಮತ್ತು ನೀರನ್ನು ಡ್ರಮ್ಮಿನಲ್ಲಿ ಮೊದಲೇ ಬೆರೆಸಿ, ಆಮೇಲೆ ಲೈನಿಗೆ ಪಂಪ್ ಮಾಡಿ. ಬೇರೆ ಬೇರೆ ಸುರಿದರೆ ಗ್ಲೈಕಾಲ್ ತಗ್ಗಿನ ಜಾಗದಲ್ಲಿ ನಿಂತು, ಓಡಾಟ ಕಡಿಮೆ ಇರುವ ಕವಲಿನಲ್ಲಿ ಬರೀ ನೀರೇ ಉಳಿದುಬಿಡುತ್ತದೆ. ಒಮ್ಮೆ ಚೆನ್ನಾಗಿ ಬೆರೆತ ಮೇಲೆ ಮತ್ತೆ ಬೇರೆಯಾಗುವುದಿಲ್ಲ. ಕೆಳಗಿನಿಂದ ನಿಧಾನವಾಗಿ ತುಂಬಿ, ಮೇಲಿನ ಏರ್ ವೆಂಟ್‌ಗಳಿಂದ ಗಾಳಿ ಬಿಡಿ. ಎರಡು ಮೂರು ದಿನ ಬಿಟ್ಟು ಮತ್ತೆ ಗಾಳಿ ಬಿಡಬೇಕು, ಮಂದ ದ್ರವದಲ್ಲಿ ಸಣ್ಣ ಗುಳ್ಳೆಗಳು ಬೇಗ ಮೇಲೇರುವುದಿಲ್ಲ. ಒಂದು ವಾರದೊಳಗೆ ಸ್ಟ್ರೈನರ್ ಬಿಚ್ಚಿ ತೊಳೆಯಿರಿ.

ತಾನೇ ತುಂಬುವ ನೀರಿನ ವಾಲ್ವ್ ಮುಚ್ಚಿ

ಈ ಒಂದು ಮಾತನ್ನು ದಯವಿಟ್ಟು ಬಿಡಬೇಡಿ. ಬಹಳಷ್ಟು ಲೈನುಗಳಲ್ಲಿ ಒತ್ತಡ ಇಳಿದರೆ ತಾನಾಗಿಯೇ ನಲ್ಲಿ ನೀರು ಸೇರಿಸುವ ಮೇಕಪ್ ವಾಲ್ವ್ ಇರುತ್ತದೆ. ಗ್ಲೈಕಾಲ್ ಹಾಕಿದ ದಿನವೇ ಅದನ್ನು ಮುಚ್ಚಿ, ಆಗುವುದಾದರೆ ಪೈಪನ್ನೇ ಕಳಚಿ ಮುಚ್ಚಳ ಹಾಕಿ.

ನಾನು ಕಂಡ ಒಂದು ಕಟ್ಟಡದಲ್ಲಿ ಪಂಪಿನ ಸೀಲ್ ಸ್ವಲ್ಪ ಸ್ವಲ್ಪ ಸೋರುತ್ತಿತ್ತು. ಸೋರಿದ್ದು ಬಿಸಿ ಪಂಪಿನ ಮೇಲೇ ಆರಿಹೋಗಿ, ಅಂಟಂಟಾದ ಕಂದು ಪಟ್ಟೆ ಮಾತ್ರ ಉಳಿದಿತ್ತು. ಗೇಜ್ ಯಾವತ್ತೂ ಒಂದೂವರೆ ಬಾರ್ ತೋರಿಸುತ್ತಿತ್ತು, ಯಾಕೆಂದರೆ ಸೋರಿದಷ್ಟನ್ನು ಮೇಕಪ್ ವಾಲ್ವ್ ನೀರಿನಿಂದ ತುಂಬುತ್ತಲೇ ಇತ್ತು. ನೋಡಿಕೊಳ್ಳುವವರು ದಿನವೂ ಗೇಜ್ ನೋಡಿ ಪುಸ್ತಕದಲ್ಲಿ ಬರೆದಿದ್ದರು. ನಾನು ಹೋಗಿ ಅಳೆದಾಗ ಶೇ. 35 ಇರಬೇಕಾಗಿದ್ದ ಪ್ರಮಾಣ ಶೇ. 12ಕ್ಕೆ ಇಳಿದಿತ್ತು. ಮಹಡಿ ಮೇಲಿನ ಕಾಯಿಲ್ ಅಷ್ಟರಲ್ಲಿ ಒಡೆದಾಗಿತ್ತು. ಮೇಕಪ್ ವಾಲ್ವ್ ಮುಚ್ಚಿದ್ದರೆ ಮೊದಲ ವಾರವೇ ಗೇಜ್ ಇಳಿದು ಸೋರಿಕೆ ಗೊತ್ತಾಗುತ್ತಿತ್ತು.

ಒತ್ತಡ ಕಾಯಲು ಬೇಕಾದರೆ ಗ್ಲೈಕಾಲ್ ಫೀಡರ್ ಅನ್ನುವ ಸಣ್ಣ ಟ್ಯಾಂಕ್ ಮತ್ತು ಪಂಪ್ ಸಿಗುತ್ತದೆ. ಅದರಲ್ಲಿ ನಿಮ್ಮ ಲೈನಿನಷ್ಟೇ ಪ್ರಮಾಣದ ಮಿಶ್ರಣ ತುಂಬಿಡಿ. ಟ್ಯಾಂಕಿನ ಮಟ್ಟ ಎಷ್ಟು ಇಳಿಯಿತು ಅನ್ನುವುದೇ ಸೋರಿಕೆಯ ಲೆಕ್ಕ. ಸಣ್ಣ ಮನೆಗೆ ಇಷ್ಟೆಲ್ಲ ಬೇಡ, ಬೆರೆಸಿದ ದ್ರವದ ಒಂದು ಕ್ಯಾನ್ ಮತ್ತು ಕೈಪಂಪ್ ಇದ್ದರೆ ಆಯಿತು.

ಅಳೆಯುವುದು ಹೇಗೆ

ಮೊದಲನೆಯದು ಗ್ಲೈಕಾಲ್ ಪ್ರಮಾಣ. ಇದಕ್ಕೆ ರಿಫ್ರಾಕ್ಟೋಮೀಟರ್ ಅನ್ನುವ ಕೈಯಗಲದ ಉಪಕರಣ ಬೇಕು. ತೇಲುವ ಬುರುಡೆಯ ಹೈಡ್ರೋಮೀಟರ್ ಎಥಿಲೀನ್‌ಗೆ ಹೇಗೋ ನಡೆಯುತ್ತದೆ, ಪ್ರೊಪಿಲೀನ್‌ಗೆ ಬೇಡವೇ ಬೇಡ. ಪ್ರೊಪಿಲೀನ್ ಮಿಶ್ರಣದ ಸಾಂದ್ರತೆ ಶೇ. 70ರ ಹತ್ತಿರ ತುದಿ ಮುಟ್ಟಿ ಮತ್ತೆ ಇಳಿಯುತ್ತದೆ. ಹಾಗಾಗಿ ಎರಡು ಬೇರೆ ಪ್ರಮಾಣಗಳಿಗೆ ಒಂದೇ ಅಂಕಿ ಬರಬಹುದು.

ಮಾದರಿ ತೆಗೆಯುವಾಗ ಪಂಪ್ ಓಡುತ್ತಿರಲಿ. ಡ್ರೈನ್ ಕಾಕ್ ತೆರೆದು ಮೊದಲು ಬರುವ ಒಂದು ಲೋಟದಷ್ಟನ್ನು ಬೇರೆ ಪಾತ್ರೆಗೆ ಹಿಡಿಯಿರಿ, ಅದು ಕಾಕ್‌ನಲ್ಲೇ ನಿಂತಿದ್ದ ಕೊಳೆ. ಆಮೇಲೆ ಬಂದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಕೋಣೆಯ ಬಿಸಿಗೆ ಬರಲು ಬಿಡಿ. ರಿಫ್ರಾಕ್ಟೋಮೀಟರ್‌ನ ಗಾಜಿನ ಮೇಲೆ ಮೊದಲು ಎರಡು ಹನಿ ಡಿಸ್ಟಿಲ್ಡ್ ನೀರು ಹಾಕಿ, ಮುಚ್ಚಳ ಒತ್ತಿ, ಬೆಳಕಿನ ಕಡೆ ಹಿಡಿದು ನೋಡಿ. ಮೇಲೆ ನೀಲಿ, ಕೆಳಗೆ ಬಿಳಿ ಕಾಣುತ್ತದೆ. ಅವೆರಡೂ ಸೇರುವ ಗೆರೆ ಸೊನ್ನೆಯ ಮೇಲೆ ಕೂರಬೇಕು, ಕೂರದಿದ್ದರೆ ಮೇಲಿನ ಸಣ್ಣ ಸ್ಕ್ರೂ ತಿರುಗಿಸಿ ಕೂರಿಸಿ. ಒರೆಸಿ, ಈಗ ಮಾದರಿಯ ಎರಡು ಹನಿ ಹಾಕಿ. ಮುಚ್ಚಳದ ಕೆಳಗೆ ಗುಳ್ಳೆ ಇರಬಾರದು. ಅರ್ಧ ನಿಮಿಷ ಬಿಟ್ಟು ಓದಿ. ಒಳಗೆ ಎಥಿಲೀನ್‌ಗೆ ಒಂದು, ಪ್ರೊಪಿಲೀನ್‌ಗೆ ಇನ್ನೊಂದು ಅಳತೆಪಟ್ಟಿ ಇರುತ್ತದೆ, ಪಕ್ಕದ ಪಟ್ಟಿ ಓದಿಬಿಡಬೇಡಿ. ನೀಲಿ ಬಿಳಿ ನಡುವಿನ ಗೆರೆ ಚೂಪಾಗಿಲ್ಲದೆ ಮಸುಕಾಗಿದ್ದರೆ ದ್ರವದಲ್ಲಿ ಕೊಳೆಯಿದೆ ಅಂತ ಅರ್ಥ, ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿ ಮತ್ತೆ ನೋಡಿ.

ಎರಡನೆಯದು ಪಿಎಚ್. ಪಟ್ಟಿ ಅದ್ದಿದರೆ ಸಾಕು, ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಗ್ಲೈಕಾಲ್ ಬಿಸಿಗೆ, ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ನಿಧಾನವಾಗಿ ಆಮ್ಲವಾಗುತ್ತದೆ. ಇನ್ಹಿಬಿಟರ್ ಆ ಆಮ್ಲವನ್ನು ತಡೆದುಕೊಂಡು ತಡೆದುಕೊಂಡು ಒಂದು ದಿನ ಮುಗಿಯುತ್ತದೆ. ಫಾಸ್ಫೇಟ್ ಇನ್ಹಿಬಿಟರ್ ಇರುವ ಹೊಸ ದ್ರವ ಸಾಮಾನ್ಯವಾಗಿ 9ರಿಂದ 10ರ ನಡುವೆ ಇರುತ್ತದೆ. 8ಕ್ಕಿಂತ ಕೆಳಗಿಳಿದರೆ ಅದೇ ತಯಾರಕರ ಇನ್ಹಿಬಿಟರ್ ಸೇರಿಸುವ ಹೊತ್ತು. 7ಕ್ಕಿಂತ ಕೆಳಗೆ ಹೋದರೆ ಸೇರಿಸುತ್ತಾ ಕೂರಬೇಡಿ, ಪೂರ್ತಿ ಚೆಲ್ಲಿ, ತೊಳೆದು, ಹೊಸದು ತುಂಬಿ. ಅಲ್ಯೂಮಿನಿಯಂಗೆಂದೇ ಮಾಡಿದ ದ್ರವಕ್ಕೆ ಅಂಕಿಗಳು ಬೇರೆ, ಅದರ ಹಾಳೆ ನೋಡಿ.

ಮೂರನೆಯದು ನಿಮ್ಮ ಕಣ್ಣು, ಮೂಗು. ನಾನು ನೋಡಿಕೊಳ್ಳುವ ಪ್ರತಿ ಲೈನಿನಿಂದಲೂ ವರ್ಷಕ್ಕೊಂದು ಸಣ್ಣ ಬಾಟಲಿ ತೆಗೆದು, ದಿನಾಂಕ ಅಂಟಿಸಿ, ಶೆಲ್ಫಿನಲ್ಲಿ ಸಾಲಾಗಿ ಇಟ್ಟಿದ್ದೇನೆ. ಒಂದೇ ಲೈನಿನ ಹಿಂದಿನ ವರ್ಷದ ಬಾಟಲಿ ಪಕ್ಕ ಈ ವರ್ಷದ್ದನ್ನು ಹಿಡಿದರೆ ಸಣ್ಣ ಬದಲಾವಣೆಯೂ ಎದ್ದು ಕಾಣುತ್ತದೆ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ದ್ರವ ಅತಿಯಾಗಿ ಬಿಸಿಯಾಗಿದೆ. ಬಾಟಲಿಯ ತಳದಲ್ಲಿ ಕಪ್ಪು ಪುಡಿ ಕೂತು, ಆಯಸ್ಕಾಂತ ಹಿಡಿದರೆ ಅದು ಗಾಜಿನ ಗೋಡೆಗೆ ಬಂದರೆ ಅದು ಕಬ್ಬಿಣದ ತುಕ್ಕು, ಎಲ್ಲೋ ಗಾಳಿ ಒಳಗೆ ಬರುತ್ತಿದೆ. ಕೊಳೆತ ವಾಸನೆ ಬಂದರೆ ಬ್ಯಾಕ್ಟೀರಿಯಾ.

ಚಳಿಗಾಲಕ್ಕೆ ಎರಡು ತಿಂಗಳ ಮುಂಚೆ ಒಮ್ಮೆ ಅಳೆಯಿರಿ, ಸರಿಪಡಿಸಲು ಸಮಯ ಸಿಗುತ್ತದೆ. ಸೋಲಾರ್ ಲೈನ್ ಆದರೆ ಇನ್ನೂ ಹುಷಾರಾಗಿರಿ. ಮಾಮೂಲು ಗ್ಲೈಕಾಲ್ ದ್ರವಗಳು ಸುಮಾರು 120 ಡಿಗ್ರಿವರೆಗೆ ತಡೆಯುತ್ತವೆ. ಬಿಸಿಲಿನಲ್ಲಿ ಪಂಪ್ ನಿಂತುಬಿಟ್ಟರೆ ಕಲೆಕ್ಟರ್ ಅದನ್ನು ಸುಲಭವಾಗಿ ದಾಟುತ್ತದೆ. ಅಂಥ ಘಟನೆ ಆದಾಗಲೆಲ್ಲ ಪಿಎಚ್ ನೋಡಿ, ಮುಂದಿನ ವರ್ಷಕ್ಕೆ ಅಂತ ಬಿಡಬೇಡಿ.

ಪ್ರಮಾಣ ಇಳಿದಿದ್ದರೆ

ಮೊದಲು ಸೋರಿಕೆ ಹುಡುಕಿ ಮುಚ್ಚಿ. ಮುಚ್ಚಿದ ಲೈನಿನಲ್ಲಿ ಗ್ಲೈಕಾಲ್ ಆವಿಯಾಗಿ ಹೋಗುವುದಿಲ್ಲ. ಪ್ರಮಾಣ ಇಳಿದಿದೆ ಅಂದರೆ ದ್ರವ ಹೊರಗೆ ಹೋಗಿದೆ, ನೀರು ಒಳಗೆ ಬಂದಿದೆ.

ಆಮೇಲೆ ಲೆಕ್ಕ. ಬೇಕಾದ ಪ್ರಮಾಣದಿಂದ ಈಗಿನ ಪ್ರಮಾಣ ಕಳೆಯಿರಿ. ಅದನ್ನು ಲೈನಿನ ಒಟ್ಟು ಲೀಟರ್‌ನಿಂದ ಗುಣಿಸಿ. 100ರಿಂದ ಈಗಿನ ಪ್ರಮಾಣ ಕಳೆದರೆ ಬರುವ ಅಂಕಿಯಿಂದ ಭಾಗಿಸಿ. 200 ಲೀಟರಿನ ಲೈನ್ ಶೇ. 22ರಲ್ಲಿದೆ, ಶೇ. 35 ಬೇಕು ಅನ್ನಿ. 13ನ್ನು 200ರಿಂದ ಗುಣಿಸಿದರೆ 2600, ಅದನ್ನು 78ರಿಂದ ಭಾಗಿಸಿದರೆ 33.3. ಅಷ್ಟು ಲೀಟರ್ ಹಳೆಯದನ್ನು ಇಳಿಸಿ, ನೀರು ಬೆರೆಸದ, ಇನ್ಹಿಬಿಟರ್ ಇರುವ ಅದೇ ಗ್ಲೈಕಾಲ್ ಅಷ್ಟೇ ಹಾಕಿ. ಒಂದು ದಿನ ಓಡಿಸಿ ಮತ್ತೆ ಅಳೆಯಿರಿ. ದ್ರವದ ಹೆಸರು, ಪ್ರಮಾಣ, ಪಿಎಚ್, ದಿನಾಂಕ ಬರೆದ ಚೀಟಿಯನ್ನು ಪಂಪಿನ ಪಕ್ಕ ತೂಗುಹಾಕಿ. ಮುಂದೆ ಬರುವ ಕೆಲಸದವರು ಯಾವುದೋ ಕ್ಯಾನ್ ತಂದು ಸುರಿಯುವುದು ತಪ್ಪುತ್ತದೆ.

ಚಿಲ್ಲರ್ ಕಾಯಿಲ್‌ಗಳನ್ನು ಚಳಿಗಾಲಕ್ಕೆ ಖಾಲಿ ಮಾಡಿಡುವ ಪದ್ಧತಿ ಇದ್ದವರಿಗೆ ಒಂದು ಮಾತು. ಡ್ರೈನ್ ತೆರೆದರೆ ಕಾಯಿಲ್ ಪೂರ್ತಿ ಖಾಲಿಯಾಗುವುದಿಲ್ಲ. ಅಡ್ಡ ಪೈಪುಗಳ ಸ್ವಲ್ಪ ಬಾಗಿದ ಜಾಗದಲ್ಲಿ, ಬೆಂಡ್‌ಗಳಲ್ಲಿ ನೀರು ಉಳಿದೇ ಉಳಿಯುತ್ತದೆ, ಒಡೆಯಲು ಅಷ್ಟು ಸಾಕು. ಗಾಳಿ ಊದಿ ಆದಷ್ಟು ತೆಗೆದು, ಆಮೇಲೆ ಗ್ಲೈಕಾಲ್ ಮಿಶ್ರಣ ಒಳಗೆ ಓಡಿಸಿ ಹೊರಗೆ ತೆಗೆಯಿರಿ. ಹೊರಗೆ ಬಂದ ದ್ರವವನ್ನು ಅಳೆಯಿರಿ. ಒಳಗೆ ಹೋದಾಗಿನ ಪ್ರಮಾಣದ ಹತ್ತಿರ ಬರುವವರೆಗೂ ಓಡಿಸಬೇಕು, ಯಾಕೆಂದರೆ ಒಳಗೆ ಉಳಿಯುವುದು ಅದೇ.

ಹಳೆಯ ದ್ರವವನ್ನು ಮಳೆನೀರಿನ ಚರಂಡಿಗೆ, ಮಣ್ಣಿಗೆ ಸುರಿಯಬೇಡಿ. ಪ್ರೊಪಿಲೀನ್ ವಿಷವಲ್ಲ ಅಂತ ಸುರಿಯುವವರಿದ್ದಾರೆ. ಅದು ಕೆರೆ, ಹೊಳೆ ಸೇರಿದರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ, ಮೀನು ಸಾಯುತ್ತವೆ. ಜೊತೆಗೆ ಹಳೆಯ ದ್ರವದಲ್ಲಿ ತಾಮ್ರ, ಬೆಸುಗೆಯ ಸೀಸದಂಥ ಲೋಹಗಳು ಕರಗಿರಬಹುದು. ಮುಚ್ಚಳ ಬಿಗಿಯಾಗಿರುವ ಕ್ಯಾನಿಗೆ ತುಂಬಿ, ಒಳಗೇನಿದೆ ಅಂತ ದೊಡ್ಡದಾಗಿ ಬರೆದು, ರಾಸಾಯನಿಕ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕುಡಿಯುವ ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಒಂದು ಗಳಿಗೆಯ ಮಟ್ಟಿಗೂ ತುಂಬಿಡಬೇಡಿ. ಚೆಲ್ಲಿದ್ದನ್ನು ಮರದ ಪುಡಿ ಹಾಕಿ ಹೀರಿಸಿ, ಬಾಚಿ, ಆ ಜಾಗವನ್ನು ಸೋಪಿನ ನೀರಿನಿಂದ ಒರೆಸಿ ತೆಗೆಯಿರಿ.